ಮಡಿಕೇರಿಯ ಏರಿಗೆ ತಳ್ಳುಗಾಡಿ: ಗಾಲಿ, ಬ್ರೇಕು ಹೇಗಿರಬೇಕು?

ಕೊತ್ತಂಬರಿಕಟ್ಟು: ಮಡಿಕೇರಿ ಪೇಟೆಯೊಳಗೆ ತರಕಾರಿ, ಬಾಳೆಹಣ್ಣು ಮಾರಲು ನಾಲ್ಕು ಗಾಲಿಯ ತಳ್ಳುಗಾಡಿ ಮಾಡಿಸಬೇಕು. ಗಾಡಿ 60 ಕೆಜಿ, ಮಾಲು 120 ಕೆಜಿ, ತಳ್ಳುವವರು ಒಬ್ಬರೇ. ವೆಲ್ಡಿಂಗ್ ಅಂಗಡಿಯವರು ತೋರಿಸುವ ಮಾದರಿಗೆ ಬ್ರೇಕೇ ಇಲ್ಲ. ಸೈಕಲ್ ಬ್ರೇಕ್ ಕೂರಿಸಿದರೆ ಸಾಕೇ?

ರಸಮಟ್ಟ: ಮೊದಲು ಏರು ಅಳೆಯಿರಿ. ಒಂದು ಮೀಟರ್ ಉದ್ದದ ಪಟ್ಟಿಯನ್ನು ರಸ್ತೆ ಮೇಲಿಟ್ಟು ಅದರ ಮೇಲೆ ರಸಮಟ್ಟ (ಸ್ಪಿರಿಟ್ ಲೆವೆಲ್) ಇಡಿ. ಗುಳ್ಳೆ ನಡುವೆ ಬರುವವರೆಗೆ ತಗ್ಗಿನ ತುದಿ ಎತ್ತಿ. ಆ ತುದಿಯ ಕೆಳಗಿನ ಸಂದು ಎಷ್ಟು ಸೆಂಟಿಮೀಟರೋ ಅಷ್ಟೇ ಶೇಕಡಾ ಏರು. ಶೇ. 8 ಬಂದರೆ 180 ಕೆಜಿಯ ಗಾಡಿ 14 ಕೆಜಿಗೂ ಹೆಚ್ಚು ಬಲದಲ್ಲಿ ಹಿಂದಕ್ಕೆ ಎಳೆಯುತ್ತದೆ. ಕುಶಾಲನಗರದಂಥ ಸಮತಟ್ಟಿನಲ್ಲಿ ಗಾಳಿ ತುಂಬಿದ ಟೈರಿಗೆ ಎರಡು-ಮೂರು ಕೆಜಿ ಬಲ ಸಾಕಾಗುತ್ತದೆ. ಒಬ್ಬರೇ ತಳ್ಳುವುದಾದರೆ ಮಾಲನ್ನು 60 ಕೆಜಿಗೆ ಇಳಿಸಿ, ಎರಡು ಸಲ ಸಾಗಿಸಿ.

ಗ್ರೀಸ್‌ಡಬ್ಬಿ: ಸೈಕಲ್ ಬ್ರೇಕ್ ಬೇಡವೇ ಬೇಡ. ಕ್ರೋಮ್ ರಿಮ್ ಮಳೆಯಲ್ಲಿ ನೆನೆದರೆ ಬ್ರೇಕಿನ ರಬ್ಬರ್ ತುಂಡು ಬರೀ ಜಾರುತ್ತದೆ, ಇಲ್ಲಿಯ ಜೂನ್-ಜುಲೈ ಗೊತ್ತಲ್ಲ. ಡ್ರಮ್ಮಿಗೆ ಪಟ್ಟಿ ಸುತ್ತಿ ಹಿಡಿಯುವ ಬ್ಯಾಂಡ್ ಬ್ರೇಕೂ ಮೋಸವೇ: ಪಟ್ಟಿ ಒಂದು ದಿಕ್ಕಿಗೆ ಗಟ್ಟಿಯಾಗಿ ಬಿಗಿಯುತ್ತದೆ, ಗಾಲಿ ಹಿಂದಕ್ಕೆ ತಿರುಗಿದರೆ ಹಿಡಿತ ಸಡಿಲ. ಏರಿನಲ್ಲಿ ಗಾಡಿ ಜಾರುವುದೇ ಹಿಂದಕ್ಕೆ!

ಹಳೆ ಮೊಪೆಡ್ಡಿನ 16 ಇಂಚಿನ ಗಾಲಿ ಹುಡುಕಿ, ಗಾಲಿಯ ನಡುವಿನ ಡಬ್ಬಿಯೊಳಗಿಂದ ಹಿಡಿಯುವ ಡ್ರಮ್ ಬ್ರೇಕ್ ಅದರಲ್ಲೇ ಇರುತ್ತದೆ, ಎರಡೂ ದಿಕ್ಕಿಗೆ ಹಿಡಿಯುತ್ತದೆ. ಒಂದೇ ಗಾಲಿಗೆ ಕೊಟ್ಟರೆ ಗಾಡಿ ಅಡ್ಡ ತಿರುಗುತ್ತದೆ, ಹಿಡಿಯ ಬದಿಯ ಎರಡಕ್ಕೂ ಕೊಡಿ. ಲಿವರನ್ನು ಉಲ್ಟಾ ಜೋಡಿಸಿ: ಸ್ಪ್ರಿಂಗ್ ಬ್ರೇಕನ್ನು ಹಿಡಿದಿರಲಿ, ಕೈಯಲ್ಲಿ ಒತ್ತಿದಾಗ ಮಾತ್ರ ಬಿಡಲಿ. ಕೇಬಲ್ ತುಂಡಾದರೂ ಗಾಡಿ ನಿಂತುಬಿಡುತ್ತದೆ.

ಕೊತ್ತಂಬರಿಕಟ್ಟು: ಉಳಿದೆರಡು ಗಾಲಿ ಸೈಕಲ್ಲಿನದೇ ಇರಲೇ?

ಗ್ರೀಸ್‌ಡಬ್ಬಿ: ಬೇಡ. ಸೈಕಲ್ ತಿರುವಿನಲ್ಲಿ ವಾಲುತ್ತದೆ, ತಳ್ಳುಗಾಡಿ ವಾಲುವುದಿಲ್ಲ. ಭಾರ ಪಕ್ಕದಿಂದ ಬಿದ್ದು ಕಡ್ಡಿಗಳು ಒಂದೊಂದಾಗಿ ಹಾರುತ್ತವೆ. ನಾಲ್ಕೂ ಮೊಪೆಡ್ಡಿನವೇ ಆದರೆ ಎತ್ತರವೂ ಸಮ. ಮಳೆ ಹಿಡಿಯುವ ಮುನ್ನ ಬೇರಿಂಗಿಗೆ ಹೊಸ ಗ್ರೀಸ್ ತುಂಬಿಸಿ.

ಚೌಕಿಬದಿ: ಆಫ್ರಿಕಾದ ಕಾಂಗೋ ದೇಶದ ಗೋಮಾ ಊರಿನ ಕಡೆ ಚುಕುಡು ಎಂಬ ಮರದ ಎರಡು ಗಾಲಿಯ ಬಂಡಿಯಲ್ಲಿ ಬೆಟ್ಟದಿಂದ ಆಲೂಗಡ್ಡೆ, ಇದ್ದಿಲು ಇಳಿಸುತ್ತಾರೆ. ಭಾರ ಇಳಿಯುವಾಗ ಮಾತ್ರ ಇದ್ದರೆ ಅದು ಸರಿ, ದಿನವಿಡೀ ಹತ್ತಿಳಿಯುವ ಮಾರಾಟಕ್ಕೆ ಹೊಂದದು.

ಗೆಣಸು, ಈರುಳ್ಳಿಯಂಥ ಭಾರದ್ದನ್ನು ಹಲಗೆಯ ಕೆಳಗಿನ ತಟ್ಟೆಯಲ್ಲಿಡಿ, ಮೇಲೆ ಪೇರಿಸಿದರೆ ರಸ್ತೆ ಓರೆಯಾದಲ್ಲಿ ಗಾಡಿ ಮಗುಚುತ್ತದೆ. ಇಳಿಜಾರು ಇಳಿಯುವಾಗ ನೀವು ಯಾವಾಗಲೂ ಗಾಡಿಯ ಮೇಲ್ಬದಿಗಿರಿ, ಮುಂದೆ ನಿಂತು ತಡೆಯಲು ಹೋಗಬೇಡಿ. ಟಾರ್ಪಾಲನ್ನು ನಾಲ್ಕು ಮೂಲೆಗೂ ಬಿಗಿಯಾಗಿ ಕಟ್ಟಿ, ಸಡಿಲವಿದ್ದರೆ ಗಾಳಿ ಹೊಕ್ಕು ಗಾಡಿಯನ್ನೇ ಎಳೆಯುತ್ತದೆ. ನಿಲ್ಲಿಸಿದಾಗ ಬ್ರೇಕಿನ ಜೊತೆ ಗಾಲಿಗೆ ಮರದ ತುಂಡನ್ನೂ ಕೊಡಿ, ಅದನ್ನು ದಾರ ಹಾಕಿ ಗಾಡಿಗೇ ಕಟ್ಟಿಡಿ.