ಸ್ಪ್ರೆಡ್‌ಶೀಟ್ ‘ಕ್ರ್ಯಾಶ್’ ಆಯಿತು: ಕನ್ನಡದಲ್ಲಿ ಏನಾಯಿತು ಅನ್ನಬೇಕು?

ನಮಸ್ಕಾರ. ಒಂದು ಸ್ಪ್ರೆಡ್‌ಶೀಟ್ ತಂತ್ರಾಂಶದ ಸಂದೇಶಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ, ಇಂದು ರಾತ್ರಿಯೊಳಗೆ ಕಳಿಸಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಕೆಲಸದ ನಡುವೆ ಕ್ರ್ಯಾಶ್ ಆದಾಗ ಬರುವ ಸಂದೇಶ, ಏನೇನು ಒತ್ತಿದರೆ ಮತ್ತೆ ಅದೇ ಕ್ರ್ಯಾಶ್ ಆಗುತ್ತದೆ ಎಂದು ಬರೆಯುವ ಜಾಗದ ತಲೆಬರಹ, ಆಮೇಲೆ ದೂರಿನ ಮುಂದೆ ಕಾಣುವ ‘ಫಿಕ್ಸ್ಡ್’. ಸದ್ಯಕ್ಕೆ ‘ಪತನಗೊಂಡಿದೆ’, ‘ಪುನರುತ್ಪಾದನಾ ಹಂತಗಳು’, ‘ಸರಿಪಡಿಸಲಾಗಿದೆ’ ಎಂದು ಹಾಕಿದ್ದೇನೆ. ಎರಡನೆಯದು ಜೀವಶಾಸ್ತ್ರದ ಪಾಠದ ಹಾಗಿದೆ, ಅಲ್ವಾ?

ಉತ್ತರ 1:
ಪತನ ಆಗುವುದು ವಿಮಾನ, ಸರ್ಕಾರ. ‘ಕುಸಿತ’ ಈಗಾಗಲೇ ಬಳಕೆಯಲ್ಲಿದೆ. ಹಾಕಿ ಮುಗಿಸಿ.

ಉತ್ತರ 2:
ಒಪ್ಪುವುದಿಲ್ಲ. ಬೆಲೆ ಕುಸಿಯುತ್ತದೆ, ಆರೋಗ್ಯ ಕುಸಿಯುತ್ತದೆ, ಎರಡೂ ನಿಧಾನಕ್ಕೂ ಆಗಬಹುದು. ಕ್ರ್ಯಾಶ್ ಹಾಗಲ್ಲ. ಹ್ಯಾಂಗ್ ಆದರೆ ವಿಂಡೋ ಕಣ್ಣೆದುರೇ ಇರುತ್ತದೆ, ಒತ್ತಿದ್ದಕ್ಕೆ ಓಗೊಡುವುದಿಲ್ಲ. ಕ್ರ್ಯಾಶ್‌ನಲ್ಲಿ, ಪ್ರೋಗ್ರಾಂ ತನ್ನದಲ್ಲದ ಮೆಮೊರಿಗೆ ಕೈಹಾಕಿತು ಅಂದುಕೊಳ್ಳಿ, ಆಪರೇಟಿಂಗ್ ಸಿಸ್ಟಂ ಅದನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ, ಉಳಿಸದೆ ಇದ್ದ ಕೆಲಸವೂ ಹೋಗಬಹುದು. ‘ತಟ್ಟನೆ ಮುಚ್ಚಿಹೋಗಿದೆ’ ಅನ್ನಿ. ಬರೀ ‘ಮುಚ್ಚಿದೆ’ ಬೇಡ, ಯಾರೋ ಬೇಕೆಂದೇ ಮುಚ್ಚಿದ ಹಾಗೆ ಕೇಳುತ್ತದೆ. ‘ಹೋಗು’ ಸೇರಿದರೆ ಬೇಡದ್ದು ನಡೆಯಿತು ಅನ್ನುವುದೂ ಬಂದುಬಿಡುತ್ತದೆ.
ಎರಡನೆಯದಕ್ಕೆ ‘ಏನು ಮಾಡಿದರೆ ಹೀಗಾಗುತ್ತದೆ?’ ಸಾಕು. ಆಗ ಜನ ‘ಪಿವಟ್ ಟೇಬಲ್ ಅಳಿಸಿದೆ, ಅನ್‌ಡೂ ಒತ್ತಿದೆ’ ಎಂದು ಬರೆಯುತ್ತಾರೆ. ‘ಪುನರುತ್ಪಾದನೆ’ ಕಂಡರೆ ಸುಮ್ನೆ ಖಾಲಿ ಬಿಡುತ್ತಾರೆ.

ಉತ್ತರ 3:
ಮೊದಲು ‘ಸ್ಪ್ರೆಡ್‌ಶೀಟ್’ ಬಿಡಿ. ‘ಲೆಕ್ಕದ ಹಾಳೆ’ ಇರುವಾಗ ಸಾಲ ಯಾಕೆ? ನಮ್ಮ ಬೇರಿನ ಪದ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ ನೋಡಿ. ‘ಕುಸಿ’ ಅಪ್ಪಟ ನಮ್ಮದು, ಅದನ್ನೇ ಇಡಿ.

ಉತ್ತರ 4:
‘ಲೆಕ್ಕ’ ನಮ್ಮ ಬೇರೇ? ಸಂಸ್ಕೃತದ ‘ಲೇಖ್ಯ’ ಪ್ರಾಕೃತದ ದಾರಿ ಹಿಡಿದು ಬಂದದ್ದು. ಬಾಕಿ, ಜಮಾ ಅರಬ್ಬಿ ಮೂಲದವು, ದುರಸ್ತಿ ಪಾರಸಿಯದು. ಲೆಕ್ಕದ ಪುಸ್ತಕದಲ್ಲಿ ಅವಕ್ಕೆಲ್ಲ ಜಾಗ ಕೊಟ್ಟು ಕ್ರ್ಯಾಶ್ ಒಂದನ್ನೇ ಬಾಗಿಲಲ್ಲಿ ತಡೆಯುವುದು ಯಾವ ನ್ಯಾಯ?

ಉತ್ತರ 3:
ನೂರಾರು ವರ್ಷ ನಾಲಿಗೆಯಲ್ಲಿ ನುರಿತ ಪದ ಬೇರೆ, ನಿನ್ನೆ ಬಂದದ್ದು ಬೇರೆ. ಗೊತ್ತಿದ್ದೂ ಕೇಳುವವರಿಗೆ ಉತ್ತರ ಕೊಡುವುದಿಲ್ಲ.

ಉತ್ತರ 2:
ಅವರ ಕೆಲಸ ಇಂದು ರಾತ್ರಿಯದು, ಸ್ವಲ್ಪ ನೆನಪಿರಲಿ. ‘ಸರಿಪಡಿಸಲಾಗಿದೆ’ಯಲ್ಲೂ ತೊಡಕಿದೆ. ಸರಿಯಾಗಿರುವುದು ಕೋಡ್ ಮಾತ್ರ. ದೂರು ಕೊಟ್ಟವರ ಕಂಪ್ಯೂಟರಿನಲ್ಲಿ ಹಳೆಯ ಆವೃತ್ತಿಯೇ ಇರುತ್ತದೆ, ಅದು ಇನ್ನೂ ಕ್ರ್ಯಾಶ್ ಆಗುತ್ತಲೇ ಇರುತ್ತದೆ. ಇದನ್ನು ಓದಿ ಅವರಿಗೆ ಸಿಟ್ಟು ಜಾಸ್ತಿಯಾಗುತ್ತದೆ ಅಷ್ಟೇ. ಜಾಗ ಇದ್ದರೆ ‘ಕೋಡ್ ತಿದ್ದಿದೆ, ಮುಂದಿನ ಆವೃತ್ತಿಯಲ್ಲಿ ಸಿಗುತ್ತದೆ’ ಅನ್ನಿ. ಇಲ್ಲದಿದ್ದರೆ ‘ಕೋಡ್ ತಿದ್ದಿದೆ’.

ಕೇಳಿದವರು:
ಎಲ್ಲರಿಗೂ ವಂದನೆ. ‘ತಟ್ಟನೆ ಮುಚ್ಚಿಹೋಗಿದೆ’, ‘ಏನು ಮಾಡಿದರೆ ಹೀಗಾಗುತ್ತದೆ?’, ‘ಕೋಡ್ ತಿದ್ದಿದೆ’ ಮೂರನ್ನೂ ಹಾಕಿದೆ. ಆದರೆ ಸಂದೇಶದ ಕೆಳಗಿನ ಗುಂಡಿಗೆ ನಾಮಪದವೇ ಬೇಕು. ‘ಮುಚ್ಚಿಹೋಗುವಿಕೆಯ ವರದಿ’ ಅಲ್ಲಿ ಹಿಡಿಸುವುದೂ ಇಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಹಾಗಾಗಿ ಗುಂಡಿಯ ಮೇಲೆ ‘ಕ್ರ್ಯಾಶ್ ವರದಿ ಕಳಿಸಿ’.

ಉತ್ತರ 3:
ಹಾಗಾದರೆ ನಮ್ಮನ್ನು ಕೇಳಿದ್ದು ಯಾಕೆ?