ಪದ ಬೇಕಿತ್ತು: ‘ಆಕ್ಟಿವೇಟೆಡ್ ಸ್ಲಜ್’ಗೆ ಕನ್ನಡದಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗೆ ಕೊಳಚೆನೀರಿನ ಶುದ್ಧೀಕರಣದ ಬಗ್ಗೆ ಒಂದು ಪುಟ್ಟ ಪುಸ್ತಕ ಅನುವಾದಿಸುತ್ತಿದ್ದೇನೆ. ಸೋಮವಾರ ಅಚ್ಚಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ.

ಕೊಳಚೆನೀರಿಗೆ ಗಾಳಿ ಊದಿದಾಗ ಬೆಳೆದು ತಳಕ್ಕೆ ಕೂರುವ, ನೀರನ್ನು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳ ರಾಶಿಗೆ ‘ಆಕ್ಟಿವೇಟೆಡ್ ಸ್ಲಜ್’ ಅಂತಾರೆ. ಅದಕ್ಕೆ ‘ಕ್ರಿಯಾಶೀಲ ಕೆಸರು’ ಅಂತ ಬರೆದೆ. ಓದಿದ ಹುಡುಗಿಯೊಬ್ಬಳು ‘ಕೆಸರು ಏನು ಕೆಲಸ ಮಾಡುತ್ತೆ?’ ಅಂತ ಕೇಳಿದಳು.

ಇನ್ನೊಂದು, ಸಾರಜನಕ ಕಂಡುಹಿಡಿದ ಡೇನಿಯಲ್ ರುದರ್‌ಫರ್ಡ್ ಕಥೆ. (ಪರಮಾಣುವಿನ ರುದರ್‌ಫರ್ಡ್ ಬೇರೆ.) 1772ರಲ್ಲಿ, ಎಡಿನ್‌ಬರೋದಲ್ಲಿ, ಮುಚ್ಚಿದ ಪಾತ್ರೆಯಲ್ಲಿ ಇಲಿ ಸಾಯುವ ತನಕ ಇಟ್ಟರು. ಉಳಿದ ಗಾಳಿಯಲ್ಲಿ ಮೇಣದಬತ್ತಿ, ಆಮೇಲೆ ರಂಜಕ ಉರಿಸಿದರು. ಕ್ಷಾರದ ನೀರಿನಲ್ಲಿ ಹಾಯಿಸಿ, ತಮ್ಮ ಗುರು ಜೋಸೆಫ್ ಬ್ಲ್ಯಾಕ್ ತೋರಿಸಿಕೊಟ್ಟಿದ್ದ ‘ಫಿಕ್ಸ್ಡ್ ಏರ್’ (ಈಗಿನ ಕಾರ್ಬನ್ ಡೈಆಕ್ಸೈಡ್) ಅನ್ನು ತೆಗೆದರು. ಆದರೂ ಬಹಳಷ್ಟು ಗಾಳಿ ಉಳಿಯಿತು. ಅದರಲ್ಲಿ ದೀಪ ಆರುತ್ತಿತ್ತು, ಪ್ರಾಣಿ ಸಾಯುತ್ತಿತ್ತು. ಅದಕ್ಕೆ ಅವರು ಕೊಟ್ಟ ಹೆಸರು ‘ನಾಕ್ಷಸ್ ಏರ್’. ವಿಷಗಾಳಿ ಅನ್ನಲೇ, ಕೆಟ್ಟ ಗಾಳಿ ಅನ್ನಲೇ?



‘ವಿಷ’ ಬೇಡ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು 78 ಪಾಲು ಸಾರಜನಕವೇ. ‘ಕೆಟ್ಟ ಗಾಳಿ’ ಸಾಕು.

ಸ್ಲಜ್‌ಗೆ ‘ಗಸಿ’ ಇದೆಯಲ್ಲ? ಎಣ್ಣೆ ಗಸಿ ಅನ್ನುವುದಿಲ್ಲವೇ? ಕಸ, ಗಸಿ, ಗಷ್ಟು ಒಂದೇ ಬಳ್ಳಿಯ ಕಾಯಿಗಳು. ಕೆಸರು ಗದ್ದೆಯದು, ಹೂಳು ಕೆರೆಯದು. ಎರಡೂ ಇಲ್ಲಿ ಸಲ್ಲವು. ‘ಕ್ರಿಯಾಶೀಲ’ವನ್ನು ಮೊದಲು ಹೊಡೆದುಹಾಕಿ.



ಮಂಗಳೂರಿನಲ್ಲಿ ಗಸಿ ಅಂದರೆ ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥ. ಕೋಳಿ ಗಸಿ ತಿನ್ನುವ ಮಕ್ಕಳಿಗೆ ಕೊಳಚೆಯ ಗಸಿ ಅಂತ ಪಾಠ ಮಾಡುವುದೇ? ಒಂದು ಸೀಮೆಯ ಮಾತನ್ನೇ ಕನ್ನಡ ಅಂದುಕೊಳ್ಳುವ ಚಾಳಿ ಬಿಡಿ. ಅಪಾರ್ಟ್‌ಮೆಂಟಿನ ಎಸ್‌ಟಿಪಿ (ಕೊಳಚೆನೀರು ಶುದ್ಧೀಕರಣ ಘಟಕ) ನೋಡಿಕೊಳ್ಳುವ ಹುಡುಗರು ಸ್ಲಜ್ ಅಂತಾರೆ. ಹಾಗೇ ಬರೆಯಿರಿ. ಬಸ್ಸು, ಪೆನ್ನು ಬಂದಿಲ್ಲವೇ? ‘ಸಾರಜನಕ’ವೂ ಪಠ್ಯಪುಸ್ತಕದ ಆಚೆ ಯಾರ ಬಾಯಲ್ಲೂ ಇಲ್ಲ. ನೈಟ್ರೋಜನ್ ಅನ್ನಿ, ಮುಗೀತು.



ಮುಗಿಯಲಿಲ್ಲ. ಫ್ರೆಂಚ್ ರಸಾಯನ ವಿಜ್ಞಾನಿ ಲವಾಸಿಯೆ ಅದಕ್ಕೆ ‘ಅಜೋಟ್’, ಅಂದರೆ ಜೀವವಿಲ್ಲದ್ದು, ಅಂದರು. ನಾವು ಮಣ್ಣಿಗೆ ಸಾರ ಕೊಡುವಂಥದ್ದು ಅಂತ ಕರೆದೆವು. ರೈತರ ಮಕ್ಕಳಿಗೆ ಯಾವುದು ಬೇಗ ತಿಳಿಯುತ್ತೆ? ರುದರ್‌ಫರ್ಡ್ ಕೂಡ 1786ರಿಂದ ಎಡಿನ್‌ಬರೋದಲ್ಲಿ ಸಸ್ಯಶಾಸ್ತ್ರದ ಪ್ರೊಫೆಸರ್ ಆಗಿದ್ದವರು, ಅಲ್ಲಿನ ಸಸ್ಯತೋಟ ನೋಡಿಕೊಂಡವರು.

ಇನ್ನು ಸ್ಲಜ್. ಕೆಲಸ ಹೇಗೆ ನಡೆಯುತ್ತೆ ಅಂತ ನೋಡದೆ ಪದ ಕಟ್ಟಬಾರದು. ಆರ್ಡರ್ನ್ ಮತ್ತು ಲಾಕೆಟ್ ಅನ್ನುವ ಇಬ್ಬರು ರಸಾಯನ ವಿಜ್ಞಾನಿಗಳು ಮ್ಯಾಂಚೆಸ್ಟರಿನಲ್ಲಿ ಬಾಟಲಿಯ ಕೊಳಚೆನೀರಿಗೆ ಗಾಳಿ ಊದಿದರು. ಮೊದಲ ಸಲ ಅದರ ಅಮೋನಿಯಾ ಪೂರ್ತಿ ನೈಟ್ರೇಟ್ ಆಗಲು ಸುಮಾರು ಐದು ವಾರ ಬೇಕಾಯಿತು. ತಿಳಿನೀರು ಬಸಿದರು, ತಳದಲ್ಲಿ ಕೂತದ್ದನ್ನು ಚೆಲ್ಲಲಿಲ್ಲ. ಅದರ ಮೇಲೆ ಹೊಸ ಕೊಳಚೆನೀರು ಸುರಿದರು. ಹೀಗೆ ಮತ್ತೆ ಮತ್ತೆ ಮಾಡಿದಾಗ ಕೊನೆಗೆ ಒಂದು ದಿನದೊಳಗೆ ಕೆಲಸ ಆಯಿತು. 1914ರಲ್ಲಿ ಇದನ್ನು ಪ್ರಕಟಿಸಿದರು. ತಳದಲ್ಲಿ ಉಳಿದದ್ದು ಬ್ಯಾಕ್ಟೀರಿಯಾಗಳ ಗುಂಪು. ನಿನ್ನೆಯ ಮೊಸರು ಇವತ್ತಿನ ಹಾಲಿಗೆ ಹಾಕುವುದೂ ಇದೇ ಅಲ್ವಾ? ಅದು ಹೆಪ್ಪು! ‘ಹೆಪ್ಪುಗಸಿ’ ಅನ್ನಿ.

ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರ್ 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೇ ಬಂದರು. ನೂರು ವರ್ಷ ದಾಟಿದರೂ ನಮ್ಮಲ್ಲೊಂದು ಪದ ಹುಟ್ಟಲಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವು.



ಹೆಪ್ಪು ಒಪ್ಪಿದೆ. ಗಸಿ ಒಪ್ಪಲ್ಲ. ‘ಬಗ್ಗಡ’ ಯಾಕಾಗಬಾರದು?



ಬಗ್ಗಡ ಕದಡಿದ ನೀರು. ಗಾಳಿ ಊದುವ ತೊಟ್ಟಿಯಲ್ಲಿ ಇರುವುದು ಬಗ್ಗಡ. ಮುಂದಿನ ತೊಟ್ಟಿಯಲ್ಲಿ ತಳಕ್ಕೆ ಕೂತದ್ದು ಗಸಿ. ಅದರಲ್ಲಿ ಹಿಂದಕ್ಕೆ ಹೋಗುವ ಪಾಲು ಹೆಪ್ಪು. ಮೂರಕ್ಕೂ ಒಂದೇ ‘ಸ್ಲಜ್’ ಅಂದರೆ ಮಗುವಿಗೆ ಏನು ತಿಳಿದೀತು?



ಇಬ್ಬರಿಗೂ ವಂದನೆ. ಚಿತ್ರದಲ್ಲಿ ಮೂರು ತೊಟ್ಟಿ ಬರೆಸಿದ್ದೆ. ಆದರೆ ಹೆಸರು ಎರಡೇ ಇತ್ತು. ಈಗ ಬಗ್ಗಡ, ಗಸಿ, ಹೆಪ್ಪು ಮೂರನ್ನೂ ಹಾಕುತ್ತೇನೆ. ಒಂದು ಸಲ ಮಾತ್ರ ಪಕ್ಕದಲ್ಲಿ ‘ಸ್ಲಜ್’ ಅಂತ ಇರುತ್ತೆ. ಕರಾವಳಿಯ ಮಕ್ಕಳಿಗಾಗಿ ಗಸಿಗೆ ಒಂದು ಅಡಿಟಿಪ್ಪಣಿ. ‘ಫಿಕ್ಸ್ಡ್ ಏರ್’ ಬಗ್ಗೆ ಯಾರೂ ಏನೂ ಹೇಳಲಿಲ್ಲ. ‘ಸೆರೆಗಾಳಿ’ ಆದೀತೇ? ಸುಣ್ಣಕಲ್ಲಿನೊಳಗೆ ಸಿಕ್ಕಿಕೊಂಡ ಗಾಳಿ ತಾನೇ ಅದು. ನಾಳೆ ಸಂಜೆಯೊಳಗೆ ತಿಳಿಸಿ.