ಮನೆಯ ವಿಡಿಯೊ ಎಡಿಟಿಂಗಿಗಾಗಿ ಕ್ಯಾಮೆರಾದಲ್ಲಿ ಯಾವ ರೆಕಾರ್ಡಿಂಗ್ ಸೆಟ್ಟಿಂಗ್ ಇಟ್ಟುಕೊಳ್ಳಬೇಕು?

ಪ್ರಶ್ನೆ: ಹೊಸಮಸೂರ

ಎಲ್ಲರಿಗೂ ನಮಸ್ಕಾರ. ಇತ್ತೀಚೆಗೆ ಒಂದು ಮಿರರ್‌ಲೆಸ್ ಕ್ಯಾಮೆರಾ ಕೊಂಡಿದ್ದೇನೆ. ಮನೆಯ ಸಮಾರಂಭಗಳು, ಮಕ್ಕಳ ಆಟಪಾಠ, ಪ್ರವಾಸ ಇಂಥವನ್ನು ಚಿತ್ರೀಕರಿಸಿ, ಹತ್ತು ಹದಿನೈದು ನಿಮಿಷದ ವಿಡಿಯೊಗಳಾಗಿ ಎಡಿಟ್ ಮಾಡಿ, ಟಿವಿಯಲ್ಲಿ ನೋಡುವುದು ಮತ್ತು ಬಂಧುಗಳಿಗೆ ಕಳಿಸುವುದು ನನ್ನ ಉದ್ದೇಶ. ಅದಕ್ಕಿಂತ ದೊಡ್ಡ ಆಸೆಯೇನೂ ಇಲ್ಲ.

ಆದರೆ ರೆಕಾರ್ಡಿಂಗ್ ಮೆನು ತೆರೆದರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ. 4ಕೆ ಇದೆ, ಫುಲ್ ಎಚ್‌ಡಿ ಇದೆ, ಸೆಕೆಂಡಿಗೆ 24ರಿಂದ 60ರವರೆಗೆ ಐದು ಬಗೆಯ ಫ್ರೇಮ್ ರೇಟ್‌ಗಳಿವೆ, ಎಚ್.264 ಮತ್ತು ಎಚ್.265, 8 ಬಿಟ್ 4:2:0 ಮತ್ತು 10 ಬಿಟ್ 4:2:2, ಇವುಗಳ ಜೊತೆಗೆ ಲಾಗ್ ಎಂಬ ಇನ್ನೊಂದು ಆಯ್ಕೆ. ಎಲ್ಲವನ್ನೂ ಗರಿಷ್ಠ ಮಟ್ಟದಲ್ಲಿಟ್ಟು ತೆಗೆದ ತುಣುಕು ಕ್ಯಾಮೆರಾದ ಪರದೆಯಲ್ಲಿ ಸೊಗಸಾಗಿಯೇ ಕಾಣಿಸಿತು, ಆದರೆ ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನ್‌ಗೆ ಹಾಕಿದೊಡನೆ ಚಿತ್ರ ತಡೆತಡೆದು ಓಡುತ್ತಿದೆ. ನನ್ನಲ್ಲಿರುವುದು 8 ಜಿಬಿ ರ‍್ಯಾಮ್ ಇರುವ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್. ಮನೆಯವರು ಫೋನಿನಲ್ಲಿ ತೆಗೆದ ತುಣುಕುಗಳನ್ನೂ ಜೊತೆಗೆ ಸೇರಿಸಬೇಕಾಗುತ್ತದೆ. ನೋಡಲೂ ಚೆನ್ನಾಗಿದ್ದು, ಈ ಲ್ಯಾಪ್‌ಟಾಪ್‌ನಲ್ಲಿ ಎಡಿಟ್ ಮಾಡಲೂ ಸಾಧ್ಯವಾಗುವಂಥ ಸೆಟ್ಟಿಂಗ್ ಯಾವುದು ಎಂದು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ತುಣುಕುಜೋಡಣೆ

ಕ್ಯಾಮೆರಾದಲ್ಲಿ ಏನೇನಿದೆ ಎಂದು ನೋಡುವ ಮೊದಲು ಲ್ಯಾಪ್‌ಟಾಪ್ ಏನನ್ನು ತಡೆದುಕೊಳ್ಳುತ್ತದೆ ಎಂದು ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ನಿಮ್ಮ ತೊಂದರೆ ಹುಟ್ಟುತ್ತಿರುವುದು ಅಲ್ಲಿ.

ಎಚ್.264 ಮತ್ತು ಎಚ್.265 ಎಂಬವು ವಿಡಿಯೊವನ್ನು ಕುಗ್ಗಿಸಿ ಬರೆಯುವ ವಿಧಾನಗಳು. ಕ್ಯಾಮೆರಾಗಳು ಸಾಮಾನ್ಯವಾಗಿ ಹೀಗೆ ಬರೆಯುವ ಫೈಲಿನಲ್ಲಿ ಪ್ರತಿಯೊಂದು ಫ್ರೇಮ್ ಕೂಡ ಪೂರ್ಣ ಚಿತ್ರವಾಗಿ ಇರುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವಿರುತ್ತದೆ. ನಡುವಿನ ಫ್ರೇಮ್‌ಗಳಲ್ಲಿ ಹಿಂದಿನ ಅಥವಾ ಮುಂದಿನ ಚಿತ್ರಕ್ಕೆ ಹೋಲಿಸಿದರೆ ಏನು ಬದಲಾಗಿದೆ ಎಂಬ ವಿವರವಷ್ಟೇ ಇರುತ್ತದೆ. ಮೊದಲಿನಿಂದ ಕೊನೆಯವರೆಗೆ ಸುಮ್ಮನೆ ನೋಡುತ್ತಾ ಹೋದರೆ ಇದರಿಂದ ಯಾವ ಕಷ್ಟವೂ ಇಲ್ಲ. ಎಡಿಟ್ ಮಾಡುವವರು ಹಾಗೆ ನೋಡುವುದಿಲ್ಲವಲ್ಲ; ಹಿಂದಕ್ಕೆ ಎಳೆಯುತ್ತೇವೆ, ನಡುವೆ ಎಲ್ಲೋ ಕತ್ತರಿಸುತ್ತೇವೆ, ಮೂರು ತುಣುಕುಗಳ ನಡುವೆ ಹಾರಾಡುತ್ತೇವೆ. ಹಾಗೆ ಮಾಡಿದಾಗಲೆಲ್ಲ ಕಂಪ್ಯೂಟರ್ ಹಿಂದಿನ ಪೂರ್ಣ ಚಿತ್ರದವರೆಗೆ ಹೋಗಿ, ಅಲ್ಲಿಂದ ಒಂದೊಂದಾಗಿ ಲೆಕ್ಕ ಹಾಕಿಕೊಂಡು ಬರಬೇಕಾಗುತ್ತದೆ. ನೀವು ಹೇಳುತ್ತಿರುವ ತಡವರಿಕೆ ಇದೇ.

ಎಚ್.265 ಹೆಚ್ಚು ಕಡಿಮೆ ಅರ್ಧದಷ್ಟು ಡೇಟಾದಲ್ಲಿ ಎಚ್.264ಕ್ಕೆ ಸಮನಾದ ಚಿತ್ರ ಕೊಡಬಲ್ಲದು ಎಂಬುದು ನಿಜ, ಆದರೆ ಅದನ್ನು ಬಿಡಿಸುವ ಲೆಕ್ಕಾಚಾರ ಅಷ್ಟೇ ಜಟಿಲ. ಅದರಲ್ಲೂ ಬಣ್ಣದ ವಿವರವನ್ನು ಹೆಚ್ಚಾಗಿ ಹಿಡಿದಿಡುವ 10 ಬಿಟ್ 4:2:2 ಬಗೆಯನ್ನು ಬಿಡಿಸುವ ವಿಶೇಷ ಸರ್ಕ್ಯೂಟ್ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ, ಎಷ್ಟೋ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗಳಲ್ಲೂ ಇಲ್ಲ; ಆಗ ಇಡೀ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. 8 ಬಿಟ್ 4:2:0 ಎಚ್.264 ಮಾತ್ರ ಸುಮಾರಾಗಿ ಎಲ್ಲ ಯಂತ್ರಗಳೂ ಬಲ್ಲ ರೂಪ.

ಆದ್ದರಿಂದ ನಿಮಗೆ ನನ್ನ ಸಲಹೆ: ಫುಲ್ ಎಚ್‌ಡಿ, ಎಚ್.264, 8 ಬಿಟ್, ಸೆಕೆಂಡಿಗೆ 50 ಮೆಗಾಬಿಟ್ ಆಸುಪಾಸು. ಕ್ಯಾಮೆರಾದಲ್ಲಿ ‘ಆಲ್ ಐ’ ಎಂಬ ಆಯ್ಕೆ ಇದ್ದರೆ ಅದನ್ನೂ ಪರೀಕ್ಷಿಸಿ ನೋಡಿ. ಅದರಲ್ಲಿ ಪ್ರತಿ ಫ್ರೇಮೂ ಪೂರ್ಣವಾಗಿಯೇ ಇರುವುದರಿಂದ ಫೈಲ್ ದೊಡ್ಡದಾದರೂ ಟೈಮ್‌ಲೈನ್‌ನಲ್ಲಿ ಹಗುರವಾಗಿ ಓಡುತ್ತದೆ. ಜಾಗದ ಲೆಕ್ಕಕ್ಕೆ ಮೆಗಾಬಿಟ್ ಸಂಖ್ಯೆಯನ್ನು 8ರಿಂದ ಭಾಗಿಸಿ: ಸೆಕೆಂಡಿಗೆ 100 ಮೆಗಾಬಿಟ್ ಎಂದರೆ 12.5 ಮೆಗಾಬೈಟ್, ಗಂಟೆಗೆ 45 ಜಿಬಿ. ಕಾರ್ಡಿನ ಮೇಲೆ ವಿ30 ಎಂಬ ಗುರುತಿದ್ದರೆ ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುತ್ತದೆ, ಅಂದರೆ 240 ಮೆಗಾಬಿಟ್. ನೀವು ಹೇಳಿದ ಕೆಲಸಕ್ಕೆ ಅದು ಸಾಕು.

ಉತ್ತರ: ಬೆಳಕಿಂಡಿ

ಮೇಲಿನವರು ಫ್ರೇಮ್ ರೇಟ್ ವಿಷಯವನ್ನು ಮುಟ್ಟಿಲ್ಲ. ನನ್ನ ದೃಷ್ಟಿಯಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಅದೇ. ರೆಸಲ್ಯೂಷನ್ ಹೆಚ್ಚಾಗಿದ್ದರೆ ಆಮೇಲೆ ಇಳಿಸಬಹುದು. ಫ್ರೇಮ್ ರೇಟ್ ಬೆರಕೆಯಾದರೆ ಅದನ್ನು ಕಲೆಯುಳಿಯದಂತೆ ಸರಿಪಡಿಸುವುದು ಕಷ್ಟ.

ವಿದ್ಯುತ್ ಪೂರೈಕೆ 50 ಹರ್ಟ್ಸ್ ಇರುವ ಕಡೆ ಟ್ಯೂಬ್‌ಲೈಟ್‌ಗಳೂ ಅಗ್ಗದ ಎಲ್‌ಇಡಿ ದೀಪಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ, 60 ಹರ್ಟ್ಸ್ ಇರುವ ಕಡೆ 120 ಬಾರಿ. ಕಣ್ಣಿಗೆ ಅದು ಕಾಣದಿದ್ದರೂ ಕ್ಯಾಮೆರಾದ ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದ ಮೇಲೆ ಪಟ್ಟೆಗಳು ಸರಿದಾಡುತ್ತವೆ. ಮೊದಲನೆಯ ಕಡೆ 25 ಅಥವಾ 50 ಫ್ರೇಮ್, ಶಟರ್ 1/50 ಅಥವಾ 1/100 ಸೆಕೆಂಡ್. ಎರಡನೆಯ ಕಡೆ 30 ಅಥವಾ 60 ಫ್ರೇಮ್, ಶಟರ್ 1/60 ಅಥವಾ 1/120. ನಿಮ್ಮ ಮೆನುವಿನಲ್ಲಿ ಕೆಲವು ಅಂಕಿಗಳು ಕಾಣಿಸದಿದ್ದರೆ, ಪಾಲ್ (25, 50 ಫ್ರೇಮ್) ಮತ್ತು ಎನ್‌ಟಿಎಸ್‌ಸಿ (30, 60 ಫ್ರೇಮ್) ಎಂಬ ಟಿವಿ ಪದ್ಧತಿಗಳ ನಡುವೆ ಆಯ್ಕೆ ಮಾಡುವ ಸ್ವಿಚ್ ಸಿಸ್ಟಮ್ ಮೆನುವಿನಲ್ಲಿ ಎಲ್ಲೋ ಅಡಗಿರುತ್ತದೆ. 24 ಫ್ರೇಮ್ ಸಿನಿಮಾದ ಲೆಕ್ಕ. ಮನೆಯ ವಿಡಿಯೊಗೆ ಅದನ್ನು ಆರಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

25 ಮತ್ತು 50ರ ನಡುವೆ ಆರಿಸುವಾಗ ಬೆಳಕನ್ನು ನೋಡಿ. ಮಕ್ಕಳು ಹೊರಗೆ ಓಡಾಡುತ್ತಿದ್ದರೆ 50 ಚೆನ್ನ: ಚಲನೆ ನಯವಾಗಿರುತ್ತದೆ, 25ರ ಟೈಮ್‌ಲೈನ್‌ನಲ್ಲಿ ಅರ್ಧ ವೇಗಕ್ಕೆ ಇಳಿಸಿದರೂ ಕುಲುಕುವುದಿಲ್ಲ. ಸಂಜೆಯ ಹೊತ್ತು ಮನೆಯೊಳಗೆ ಚಿತ್ರೀಕರಿಸುವಾಗ 25 ಫ್ರೇಮ್, 1/50 ಶಟರ್ ವಾಸಿ, ಏಕೆಂದರೆ 1/100ಕ್ಕೆ ಹೋದರೆ ಸೆನ್ಸರ್‌ಗೆ ಬೀಳುವ ಬೆಳಕು ಅರ್ಧವಾಗುತ್ತದೆ, ಆ ಕೊರತೆಯನ್ನು ಐಎಸ್‌ಒ (ಸೆನ್ಸರ್‌ನ ಸಂಕೇತವನ್ನು ಹಿಗ್ಗಿಸುವ ಸೆಟ್ಟಿಂಗ್) ತುಂಬುವಾಗ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತದೆ. 25 ಮತ್ತು 50 ಒಂದೇ ಟೈಮ್‌ಲೈನ್‌ನಲ್ಲಿ ಹೊಂದಿಕೊಳ್ಳುತ್ತವೆ. 25 ಮತ್ತು 30 ಹೊಂದಿಕೊಳ್ಳುವುದಿಲ್ಲ. ತಂತ್ರಾಂಶ ಕೆಲವು ಫ್ರೇಮ್‌ಗಳನ್ನು ಎರಡೆರಡು ಬಾರಿ ತೋರಿಸಿಯೋ ಕೆಲವನ್ನು ಬಿಟ್ಟೋ ಸರಿದೂಗಿಸುತ್ತದೆ, ಕ್ಯಾಮೆರಾ ಪಕ್ಕಕ್ಕೆ ತಿರುಗುವ ದೃಶ್ಯಗಳಲ್ಲಿ ಅದು ಎದ್ದು ಕಾಣುತ್ತದೆ.

ಉತ್ತರ: ಹಳೇಟೇಪು

ತುಣುಕುಜೋಡಣೆ ಅವರ ತಾಂತ್ರಿಕ ವಿವರಣೆಯನ್ನು ಒಪ್ಪುತ್ತೇನೆ, ಫುಲ್ ಎಚ್‌ಡಿ ಸಾಕು ಎಂಬ ತೀರ್ಮಾನವನ್ನು ಒಪ್ಪಲಾರೆ. ಲ್ಯಾಪ್‌ಟಾಪ್ ನಾಲ್ಕಾರು ವರ್ಷಗಳಲ್ಲಿ ಬದಲಾಗುತ್ತದೆ, ಮನೆಯ ವಿಡಿಯೊವನ್ನು ಮತ್ತೆ ಚಿತ್ರೀಕರಿಸಲಾಗುವುದಿಲ್ಲ. ಇವತ್ತಿನ ಯಂತ್ರದ ಮಿತಿಯನ್ನು ಮೂಲ ಫೈಲಿನ ಮೇಲೆ ಹೇರುವುದು ನನಗೆ ಸರಿ ಕಾಣುವುದಿಲ್ಲ. 2006ರಲ್ಲಿ ಎವಿಸಿಎಚ್‌ಡಿ ಎಂಬ ರೆಕಾರ್ಡಿಂಗ್ ರೂಪ ಬಂದ ಮೇಲೆ, ಆ ಕಾಲದ ಟಿವಿಗೆ ಒಪ್ಪುತ್ತದೆ ಎಂಬ ಕಾರಣಕ್ಕೆ ಅನೇಕರು ವರ್ಷಗಟ್ಟಲೆ 1080ಐ, ಅಂದರೆ ಒಂದು ಬಾರಿಗೆ ಒಂದು ಬಿಟ್ಟು ಒಂದು ಸಾಲನ್ನಷ್ಟೇ ಹಿಡಿಯುವ ಇಂಟರ್‌ಲೇಸ್ಡ್ ರೂಪದಲ್ಲಿಯೇ ರೆಕಾರ್ಡ್ ಮಾಡಿದರು. ಈಗಿನ ಪರದೆಗಳಲ್ಲಿ ಅದನ್ನು ನೋಡಬೇಕಾದರೆ ಡಿ‌ಇಂಟರ್‌ಲೇಸ್ ಮಾಡಲೇಬೇಕು, ಇಲ್ಲದಿದ್ದರೆ ಚಲಿಸುವ ವಸ್ತುವಿನ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿಕೊಂಡು ಕಾಣುತ್ತದೆ. ಹೊಸಮಸೂರ ಅವರ ಮೆನುವಿನಲ್ಲಿ ‘ಐ’ ಅಕ್ಷರದ ಯಾವ ಆಯ್ಕೆ ಕಂಡರೂ ಅದನ್ನು ಬಿಟ್ಟು ‘ಪಿ’ ಇರುವುದನ್ನೇ ಆರಿಸಬೇಕು.

3840×2160ರಲ್ಲಿ 1920×1080ರ ನಾಲ್ಕರಷ್ಟು ಬಿಂದುಗಳಿವೆ. ಹೀಗಾಗಿ 4ಕೆಯಲ್ಲಿ ತೆಗೆದು ಫುಲ್ ಎಚ್‌ಡಿ ಟೈಮ್‌ಲೈನ್‌ನಲ್ಲಿ ಹಾಕಿದರೆ, ಚೌಕಟ್ಟಿನ ಅರ್ಧ ಅಗಲದವರೆಗೆ ಕತ್ತರಿಸಿದರೂ ಸ್ಪಷ್ಟತೆ ಕೆಡುವುದಿಲ್ಲ. ದೂರದಲ್ಲಿ ನಿಂತ ಅಜ್ಜಿಯ ಮುಖವನ್ನು ಆಮೇಲೆ ಹತ್ತಿರ ತಂದುಕೊಳ್ಳಬಹುದು. ಅಲ್ಲದೆ ಅನೇಕ ಕ್ಯಾಮೆರಾಗಳು ಫುಲ್ ಎಚ್‌ಡಿಯಲ್ಲಿ ಸೆನ್ಸರ್‌ನ ಕೆಲವು ಸಾಲುಗಳನ್ನು ಬಿಟ್ಟು ಓದುವುದರಿಂದ, ಅದೇ ಕ್ಯಾಮೆರಾದ 4ಕೆಯನ್ನು ಇಳಿಸಿ ಮಾಡಿಕೊಂಡ ಫುಲ್ ಎಚ್‌ಡಿಯೇ ಹೆಚ್ಚು ಚೂಪಾಗಿರುತ್ತದೆ. ಎಡಿಟಿಂಗ್ ಹಗುರವಾಗಲು ಪ್ರಾಕ್ಸಿ, ಅಂದರೆ ಮೂಲದ ಚಿಕ್ಕ ಪ್ರತಿ, ಇದ್ದೇ ಇದೆ.

ಲಾಗ್, ಅಂದರೆ ಆಮೇಲೆ ಬಣ್ಣ ತಿದ್ದಲೆಂದೇ ಮಂಕಾಗಿ ರೆಕಾರ್ಡ್ ಮಾಡುವ ಬಗೆ, ಅದರ ಬಗ್ಗೆ ಎರಡೇ ಮಾತು. ಬಣ್ಣ ತಿದ್ದುವ ಉತ್ಸಾಹವಿಲ್ಲದವರಿಗೆ ಅದು ಬೇಡ, 8 ಬಿಟ್‌ನಲ್ಲಂತೂ ಬೇಡವೇ ಬೇಡ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತ, 10 ಬಿಟ್‌ನಲ್ಲಿ 1024. ಇರುವ 256ರಲ್ಲೇ ಲಾಗ್ ಇಡೀ ದೃಶ್ಯದ ಬೆಳಕನ್ನು ಅದುಮಿ ಕೂರಿಸಿ, ಎಡಿಟ್ ಮಾಡುವಾಗ ನಾವು ಅದನ್ನು ಮತ್ತೆ ಹಿಗ್ಗಿಸಿದರೆ ಆಕಾಶದಲ್ಲಿ ಮೆಟ್ಟಿಲುಗಳು ಮೂಡುತ್ತವೆ.

ಪ್ರಶ್ನಿಸಿದವರ ಮರುಮಾತು: ಹೊಸಮಸೂರ

ಮೂವರಿಗೂ ಧನ್ಯವಾದಗಳು. 4ಕೆಯ ಪರವಾದ ವಾದ ನನಗೆ ಹಿಡಿಸಿತು, ಆದರೆ ಪ್ರಾಕ್ಸಿ ಬಳಸಿದರೆ ಕೊನೆಯ ವಿಡಿಯೊದ ಗುಣಮಟ್ಟ ಕುಗ್ಗುವುದಿಲ್ಲವೇ? ಫೋನಿನ ತುಣುಕುಗಳಲ್ಲಿ ಮಾತು ಸ್ವಲ್ಪ ಹೊತ್ತಿನ ನಂತರ ತುಟಿಗೆ ಹೊಂದದೆ ಹೋಗುತ್ತದೆ, ಅದಕ್ಕೆ ಕಾರಣವೇನು?

ಉತ್ತರ: ತುಣುಕುಜೋಡಣೆ

ಕುಗ್ಗುವುದಿಲ್ಲ. ಪ್ರಾಕ್ಸಿ ಎಂಬುದು ಎಡಿಟ್ ಮಾಡುವಾಗ ಮಾತ್ರ ಬಳಸುವ ಚಿಕ್ಕ ಪ್ರತಿ. ಎಕ್ಸ್‌ಪೋರ್ಟ್ ಮಾಡುವಾಗ ತಂತ್ರಾಂಶ ಮೂಲ ಫೈಲನ್ನೇ ಓದುತ್ತದೆ. ಬೆಲೆ ತೆರಬೇಕಾದದ್ದು ಸಮಯದ ರೂಪದಲ್ಲಿ: ಪ್ರಾಕ್ಸಿ ತಯಾರಾಗುವಷ್ಟು ಹೊತ್ತು ಕಾಯಬೇಕು, ಕೊನೆಯ ಎಕ್ಸ್‌ಪೋರ್ಟ್ ಕೂಡ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ನಿಧಾನವಾಗಿಯೇ ಆಗುತ್ತದೆ. ಅದಕ್ಕೆ ಸಿದ್ಧರಿದ್ದರೆ ಹಳೇಟೇಪು ಅವರ ಮಾತಿಗೆ ನಾನೂ ದನಿಗೂಡಿಸುತ್ತೇನೆ, ಆದರೆ 4ಕೆಯಲ್ಲೂ ಎಚ್.264, 8 ಬಿಟ್ ಬಗೆಯನ್ನೇ ಇಟ್ಟುಕೊಳ್ಳಿ. ಮೂಲ ಫೈಲುಗಳ ಹೆಸರನ್ನಾಗಲಿ ಜಾಗವನ್ನಾಗಲಿ ನಡುವೆ ಬದಲಿಸಿದರೆ ಮಾತ್ರ ಕೊಂಡಿ ತಪ್ಪುತ್ತದೆ.

ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ರೇಟನ್ನು ತಾವೇ ಏರಿಳಿಸುತ್ತವೆ. ಟೈಮ್‌ಲೈನ್ ಸ್ಥಿರವಾದ ದರವನ್ನು ನಿರೀಕ್ಷಿಸುವುದರಿಂದ ಚಿತ್ರ ಮತ್ತು ಧ್ವನಿ ಬೇರೆ ಬೇರೆ ದಾರಿ ಹಿಡಿಯುತ್ತವೆ. ಹ್ಯಾಂಡ್‌ಬ್ರೇಕ್ ಅಥವಾ ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನೆ ತಂತ್ರಾಂಶ ಬಳಸಿ, ಸ್ಥಿರ ಫ್ರೇಮ್ ರೇಟ್ ಆರಿಸಿ, ಫೋನಿನ ಫೈಲುಗಳನ್ನು ಮೊದಲೇ ಪರಿವರ್ತಿಸಿಕೊಳ್ಳಿ.

ಉತ್ತರ: ಧ್ವನಿಪಟ್ಟಿ

ಚಿತ್ರದ ಬಗ್ಗೆ ಇಷ್ಟು ಚರ್ಚೆಯಾಯಿತು, ಧ್ವನಿಯ ಬಗ್ಗೆ ಯಾರೂ ಕೇಳಲಿಲ್ಲ. ಎಲ್ಲ ಕಡೆಯೂ ಹೀಗೆಯೇ. 48 ಕಿಲೋಹರ್ಟ್ಸ್ ಇಡಿ, ವಿಡಿಯೊದಲ್ಲಿ ರೂಢಿಯಲ್ಲಿರುವುದು ಅದು. ಪಿಸಿಎಂ, ಅಂದರೆ ಕುಗ್ಗಿಸದ ಧ್ವನಿ, ಇದ್ದರೆ ಅದನ್ನೇ ಆರಿಸಿ: 16 ಬಿಟ್ ಸ್ಟೀರಿಯೊ ಪಿಸಿಎಂ ಸೆಕೆಂಡಿಗೆ ಸುಮಾರು 1.5 ಮೆಗಾಬಿಟ್ ಮಾತ್ರ, ಚಿತ್ರದ 100 ಮೆಗಾಬಿಟ್ ಪಕ್ಕದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಮಟ್ಟವನ್ನು ತಾನೇ ಹೊಂದಿಸುವ ಆಟೊ ಆಯ್ಕೆ ಆನ್ ಆಗಿದ್ದರೆ ಮಾತು ನಿಂತಾಗಲೆಲ್ಲ ಫ್ಯಾನಿನ ಸದ್ದು ಮೇಲೇಳುತ್ತದೆ. ಅದನ್ನು ಆಫ್ ಮಾಡಿ, ಜೋರು ಮಾತು ಮೈನಸ್ 12 ಡೆಸಿಬೆಲ್ ಆಸುಪಾಸಿಗೆ ಬರುವಂತೆ ಕೈಯಾರೆ ಹೊಂದಿಸಿ. ಮಿತಿ ಮೀರಿ ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಪೂರ್ತಿಯಾಗಿ ಸರಿಮಾಡಲಾರದು.

ವೈಟ್ ಬ್ಯಾಲೆನ್ಸನ್ನೂ ಆಟೊದಲ್ಲಿ ಬಿಡಬೇಡಿ. ಒಂದೇ ಕೋಣೆಯ ಎರಡು ತುಣುಕುಗಳಲ್ಲಿ ಗೋಡೆಯ ಬಣ್ಣ ಬೇರೆ ಬೇರೆಯಾದರೆ ಜೋಡಿಸುವಾಗ ತಲೆನೋವು. ಕ್ಯಾಮೆರಾದ ಗಡಿಯಾರವನ್ನೂ ಫೋನಿನ ಸಮಯಕ್ಕೆ ಹೊಂದಿಸಿಕೊಂಡಿದ್ದರೆ, ಎರಡರ ತುಣುಕುಗಳೂ ಕಂಪ್ಯೂಟರ್‌ನಲ್ಲಿ ಸರಿಯಾದ ಕ್ರಮದಲ್ಲಿ ಸಾಲಾಗಿ ಬರುತ್ತವೆ.

ಪ್ರಶ್ನಿಸಿದವರ ಮರುಮಾತು: ಹೊಸಮಸೂರ

ಸದ್ಯಕ್ಕೆ 4ಕೆ, 25 ಫ್ರೇಮ್, ಎಚ್.264, 8 ಬಿಟ್, 100 ಮೆಗಾಬಿಟ್, ಸಾಮಾನ್ಯ ಬಣ್ಣ, ಧ್ವನಿ ಪಿಸಿಎಂ ಎಂದು ಇಟ್ಟುಕೊಂಡಿದ್ದೇನೆ. ಹೊರಗಿನ ಆಟಗಳಿಗೆ ಮಾತ್ರ ಫುಲ್ ಎಚ್‌ಡಿ 50 ಫ್ರೇಮ್. ಎರಡು ನಿಮಿಷದ ತುಣುಕೊಂದನ್ನು ಪ್ರಾಕ್ಸಿ ಮಾಡಿ, ಕತ್ತರಿಸಿ, ಎಕ್ಸ್‌ಪೋರ್ಟ್ ಮಾಡಿ ಟಿವಿಯಲ್ಲಿ ನೋಡಿದೆ, ತೊಂದರೆಯಾಗಲಿಲ್ಲ. ಕೊನೆಯದಾಗಿ ಒಂದು ಸಂದೇಹ: ದೀರ್ಘವಾಗಿ ರೆಕಾರ್ಡ್ ಮಾಡಿದಾಗ ಕಾರ್ಡಿನಲ್ಲಿ ಒಂದರ ಬದಲು ಹಲವು ಫೈಲುಗಳು ಕಾಣಿಸುತ್ತಿವೆ. ಇದು ದೋಷವೇ?

ಉತ್ತರ: ಹಳೇಟೇಪು

ದೋಷವಲ್ಲ. ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ವ್ಯವಸ್ಥೆಯಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲವಾದ್ದರಿಂದ ಕ್ಯಾಮೆರಾ ಅಲ್ಲಿಗೆ ತುಂಡರಿಸಿ ಮುಂದುವರಿಯುತ್ತದೆ. ನಿಮ್ಮ 100 ಮೆಗಾಬಿಟ್ ಲೆಕ್ಕದಲ್ಲಿ ಐದಾರು ನಿಮಿಷಕ್ಕೊಂದು ತುಂಡು ಬರುತ್ತದೆ. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳು ಎಕ್ಸ್‌ಫ್ಯಾಟ್ ಎಂಬ ಬೇರೆ ವ್ಯವಸ್ಥೆ ಬಳಸುವುದರಿಂದ ಆ ಮಿತಿ ಅಲ್ಲಿಲ್ಲ, ಆದರೂ ಕೆಲವು ಕ್ಯಾಮೆರಾಗಳು ಅಭ್ಯಾಸಬಲದಿಂದ ತುಂಡರಿಸುತ್ತಲೇ ಇರುತ್ತವೆ. ಒಂದೊಂದೇ ಫೈಲನ್ನು ಎಳೆದು ಹಾಕಿಕೊಳ್ಳದೆ, ಕಾರ್ಡಿನ ಇಡೀ ಫೋಲ್ಡರನ್ನು ಇದ್ದ ಹಾಗೆಯೇ ನಕಲು ಮಾಡಿಕೊಳ್ಳಿ. ತುಂಡುಗಳನ್ನು ಕ್ರಮವಾಗಿ ಟೈಮ್‌ಲೈನ್‌ನಲ್ಲಿ ಒತ್ತಾಗಿ ಇಟ್ಟರೆ ಸಾಮಾನ್ಯವಾಗಿ ಚಿತ್ರ ಕೂಡಿಕೊಳ್ಳುತ್ತದೆ. ನಕಲು ಎರಡು ಡಿಸ್ಕ್‌ಗಳಲ್ಲಿ ಆಗಿದೆ ಎಂದು ಖಚಿತವಾದ ಮೇಲೆ ಕಾರ್ಡನ್ನು ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರ್‌ನಲ್ಲಿ ಬೇಡ.